ಐದೈದು ನಿಮಿಷದ ಕರಾಟೆ: ಉಪಯೋಗ ಇದೆಯಾ, ಮಂಡಿ ಹಾಳಾಗುತ್ತಾ?

ಪ್ರಶ್ನೆ: ನನಗೆ 41 ವರ್ಷ. ಕಾಲೇಜಿನಲ್ಲಿದ್ದಾಗ ಕರಾಟೆ ಕಲಿತು ಗ್ರೀನ್ ಬೆಲ್ಟ್‌ವರೆಗೆ ಬಂದು ಬಿಟ್ಟಿದ್ದೆ. ಒಂದು ವರ್ಷದಿಂದ ಮತ್ತೆ ಶುರು ಮಾಡಿದ್ದೇನೆ. ಕೆಲಸ, ಮನೆ, ಇಬ್ಬರು ಮಕ್ಕಳು ಅಂತ ವಾರಕ್ಕೆ ಒಂದೇ ಕ್ಲಾಸಿಗೆ ಹೋಗಲು ಆಗುತ್ತದೆ. ಉಳಿದ ದಿನ ಸಿಕ್ಕಿದ ಪುರುಸೊತ್ತಿನಲ್ಲೇ ಅಭ್ಯಾಸ. ನೀರು ಕಾಯುವಾಗ ಪಂಚ್, ಫೋನಿನಲ್ಲಿ ಮಾತಾಡುವಾಗ ಸ್ಟಾನ್ಸ್ (ನಿಲ್ಲುವ ಭಂಗಿ), ಆಫೀಸಿನ ಮೆಟ್ಟಿಲ ಹತ್ತಿರ ಯಾರೂ ಇಲ್ಲದಾಗ ಬ್ಲಾಕ್ (ಕೈಯಿಂದ ಹೊಡೆತ ತಡೆಯುವುದು). ಹಲ್ಲುಜ್ಜುವಾಗ, ಕುರ್ಚಿಯಿಂದ ಎದ್ದಾಗ ಬಲಗಾಲಿನಿಂದ ಇಪ್ಪತ್ತಿಪ್ಪತ್ತು ಮವಾಶಿ ಗೇರಿ (ಸೊಂಟ ತಿರುಗಿಸಿ ಪಕ್ಕದಿಂದ ಹೊಡೆಯುವ ಕಿಕ್), ದಿನಕ್ಕೆ ಏಳೆಂಟು ಸಲ. ಒಂದೂವರೆ ತಿಂಗಳಿಂದ ಎಡ ಮಂಡಿಯ ಒಳಬದಿ ನೋಯುತ್ತಿದೆ. ಬಲ ಮೊಣಕೈಯೂ ಆಗಾಗ ಚುಳ್ ಅನ್ನುತ್ತದೆ. ಕ್ಲಾಸಿನಲ್ಲಿ ಒಬ್ಬರು, "ಹೀಗೆ ಚೂರುಪಾರು ಮಾಡಿದರೆ ತಪ್ಪೇ ರೂಢಿಯಾಗುತ್ತದೆ, ಒಂದು ಗಂಟೆ ಸಿಕ್ಕರೆ ಮಾಡು, ಇಲ್ಲಾಂದ್ರೆ ಬಿಡು" ಅನ್ನುತ್ತಾರೆ. ಇನ್ನೊಬ್ಬರು ದಿನಾ ಗೋಡೆಗೆ ಗುದ್ದಿ ಮುಷ್ಟಿ ಗಟ್ಟಿ ಮಾಡಿಕೋ ಅನ್ನುತ್ತಾರೆ. ನಾಲ್ಕು ತಿಂಗಳಲ್ಲಿ ಮುಂದಿನ ಬೆಲ್ಟ್ ಪರೀಕ್ಷೆ ಇದೆ. ನಾನು ಮಾಡುತ್ತಿರುವುದರಿಂದ ಉಪಯೋಗ ಇದೆಯಾ, ಇಲ್ಲಾ ಸುಮ್ನೆ ಮೈ ಕೆಡಿಸಿಕೊಳ್ಳುತ್ತಿದ್ದೇನಾ?

ಉತ್ತರ: ಎರಡೂ ಆಗುತ್ತಿದೆ. ಉಪಯೋಗವೂ ಇದೆ, ಮೈಯೂ ಕೆಡುತ್ತಿದೆ. ಒಳ್ಳೆಯ ವಿಷಯ ಅಂದರೆ ಕೆಡುತ್ತಿರುವ ಭಾಗವನ್ನು ತೆಗೆದರೆ ಉಪಯೋಗದ ಭಾಗಕ್ಕೆ ಏನೂ ಕಡಿಮೆ ಆಗುವುದಿಲ್ಲ. ನಾನು ಫಿಸಿಯೋಥೆರಪಿ ಮಾಡುವವನು, ಜೊತೆಗೆ ಕರಾಟೆ ಕಲಿಸುತ್ತೇನೆ. ವಾರಕ್ಕೊಂದು ಕ್ಲಾಸ್, ಉಳಿದ ದಿನ ಮನೆಯಲ್ಲಿ ಕದ್ದು ಮುಚ್ಚಿ ಕಿಕ್ ಅನ್ನುವವರು ನನ್ನ ಹತ್ತಿರ ಎರಡೂ ಕಡೆಯಿಂದ ಬರುತ್ತಾರೆ, ಕೆಲವರು ಕಲಿಯಲು, ಕೆಲವರು ಮಂಡಿ ಹಿಡಿದುಕೊಂಡು.

ಮೊದಲು ಮಂಡಿ. ಅದನ್ನು ಬಿಟ್ಟು ಬೇರೆ ಏನು ಹೇಳಿದರೂ ವ್ಯರ್ಥ.

ನೀವು ಬಲಗಾಲಿನಿಂದ ಮವಾಶಿ ಹೊಡೆಯುತ್ತೀರಿ, ನೋವು ಎಡ ಮಂಡಿಯಲ್ಲಿ. ಅಂದರೆ ನೋಯುತ್ತಿರುವುದು ಹೊಡೆಯುವ ಕಾಲಲ್ಲ, ನಿಂತ ಕಾಲು. ಕ್ಲಾಸಿನಲ್ಲಿ ಬರಿಗಾಲು. ಕಿಕ್ ಹೋಗುವಾಗ ನಿಂತ ಪಾದ ಮುಂಗಾಲಿನ ಮೇಲೆ ತಿರುಗುತ್ತದೆ, ಹಿಮ್ಮಡಿ ಗುರಿಯ ಕಡೆಗೆ ಬರುತ್ತದೆ, ಸೊಂಟ ಅದರ ಜೊತೆಗೇ ತಿರುಗುತ್ತದೆ. ಮನೆಯಲ್ಲಿ ಕಾಲಲ್ಲಿ ರಬ್ಬರ್ ಚಪ್ಪಲಿ, ಆಫೀಸಿನಲ್ಲಿ ಶೂ, ಇಲ್ಲವೇ ಕೆಳಗೆ ಜಾರದ ಮ್ಯಾಟ್. ಪಾದ ನೆಲಕ್ಕೆ ಅಂಟಿಕೊಂಡು ನಿಲ್ಲುತ್ತದೆ, ಸೊಂಟ ಮಾತ್ರ ತಿರುಗುತ್ತದೆ, ಆ ತಿರುಚು ಎಲ್ಲಿ ಹೋಗಬೇಕು? ಮಂಡಿಗೆ ಹೋಗುತ್ತದೆ. ಮಂಡಿ ಮಡಚಲು, ಬಿಡಿಸಲು ಇರುವ ಕೀಲು. ತಿರುಚನ್ನು ಅದು ಸ್ವಲ್ಪವೇ ತಡೆದುಕೊಳ್ಳುತ್ತದೆ. ಒಳಬದಿಯ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ), ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆ) ಎರಡಕ್ಕೂ ಪೆಟ್ಟು ಬೀಳುವುದು ಹೀಗೆಯೇ. ಹಲ್ಲುಜ್ಜುವಾಗ ಇನ್ನೊಂದು ತೊಂದರೆ, ಕೈ ಬಾಯಲ್ಲಿ ಇರುವುದರಿಂದ ಸೊಂಟದ ಮೇಲಿನ ಮೈ ತಿರುಗುವುದಿಲ್ಲ, ಕಾಲಷ್ಟೇ ಎಸೆಯುತ್ತೀರಿ.

ಇದರ ಮೇಲೆ ಲೆಕ್ಕ ಹಾಕಿ. 20ರಂತೆ 7 ಸಲ ಅಂದರೂ ದಿನಕ್ಕೆ 140, ವಾರಕ್ಕೆ 980. ಯಾವ ಕ್ಲಾಸಿನಲ್ಲೂ ನಿಮ್ಮ ಮಾಸ್ಟರ್ ಇಷ್ಟು ಮವಾಶಿ ಮಾಡಿಸಿರಲಾರರು, ಅದೂ ಮೈ ಬೆಚ್ಚಗಾಗದೆ. ಚೂರುಚೂರಾಗಿ ಮಾಡಿದಾಗ ಒಟ್ಟು ಎಷ್ಟಾಯಿತು ಅಂತ ಗೊತ್ತೇ ಆಗುವುದಿಲ್ಲ, ದಣಿವೂ ಆಗುವುದಿಲ್ಲ. ಕ್ಲಾಸಿನಲ್ಲಾದರೆ ಉಸಿರು ಸಿಕ್ಕಿಕೊಂಡು ನಾವೇ ನಿಲ್ಲಿಸುತ್ತೇವೆ. ಇಲ್ಲಿ ನಿಲ್ಲಿಸು ಅನ್ನಲು ನೋವೊಂದೇ ಉಳಿಯುತ್ತದೆ, ಅದು ಬರುವುದು ತಡವಾಗಿ.

ಹಾಗಾಗಿ ಎರಡು ವಾರ ತಿರುಗುವ ಕಿಕ್ ಪೂರ್ತಿ ಬಂದ್. ಆಮೇಲೆ ಮಂಡಿ ಎತ್ತಿ ಹಿಡಿಯುವುದಷ್ಟೇ, ಕಿಕ್ ಇಲ್ಲ. ಅದು ನೋವಿಲ್ಲದೆ ಆದರೆ ಬರಿಗಾಲಲ್ಲಿ, ನುಣುಪಾದ ಒಣ ನೆಲದಲ್ಲಿ, ಪಾದ ತಿರುಗುವುದನ್ನು ನೋಡಿಕೊಂಡು ದಿನಕ್ಕೆ ಹತ್ತು, ನಿಧಾನವಾಗಿ. ಮಂಡಿ ಊದಿಕೊಂಡಿದ್ದರೆ, ಮಡಚುವಾಗ ಸಿಕ್ಕಿಹಾಕಿಕೊಂಡ ಹಾಗೆ ಆದರೆ, ಮೆಟ್ಟಿಲಿಳಿಯುವಾಗ ಕುಸಿದಂತೆ ಅನಿಸಿದರೆ ಕಾಯಬೇಡಿ, ಈಗಲೇ ಮೂಳೆ ಡಾಕ್ಟರ್ ಹತ್ತಿರ ಹೋಗಿ. ಒಂದೂವರೆ ತಿಂಗಳಾಗಿದೆ ಅನ್ನುತ್ತಿದ್ದೀರಿ, ಎರಡು ವಾರದ ವಿಶ್ರಾಂತಿಗೂ ಕಡಿಮೆ ಆಗದಿದ್ದರೆ ಆಗಲೂ ಹೋಗಲೇಬೇಕು. ಪತ್ರ ಓದಿ ಒಳಗೆ ಯಾವುದು ನೋಯುತ್ತಿದೆ ಅಂತ ನಾನು ಹೇಳಲು ಬರುವುದಿಲ್ಲ, ಕೈ ಇಟ್ಟು ನೋಡಿದವರೇ ಹೇಳಬೇಕು.

ಮೊಣಕೈ ಸುಲಭ. ಬ್ಯಾಗಿಗೆ ಗುದ್ದಿದರೆ ಮುಷ್ಟಿಯನ್ನು ಬ್ಯಾಗ್ ನಿಲ್ಲಿಸುತ್ತದೆ. ಗಾಳಿಗೆ ಗುದ್ದಿದರೆ ನಿಲ್ಲಿಸುವವರು ಯಾರೂ ಇಲ್ಲ, ನಿಮ್ಮದೇ ಸ್ನಾಯು ಹಿಡಿದು ನಿಲ್ಲಿಸಬೇಕು. ಬೆಳಿಗ್ಗೆ ಎದ್ದ ಕೂಡಲೇ ಮೈ ಬಿಗಿಯಾಗಿರುವಾಗ ಅದು ಒಂದು ಚೂರು ತಡವಾಗಿ ಹಿಡಿಯುತ್ತದೆ, ಆಗ ಕೈ ಪೂರ್ತಿ ನೆಟ್ಟಗಾಗಿ ಮೊಣಕೈಯ ಮೂಳೆಗೆ ಮೂಳೆ ತಾಗುತ್ತದೆ. ಪುರುಸೊತ್ತಿನ ಪಂಚ್ ಯಾವಾಗಲೂ ಅರ್ಧ ವೇಗದಲ್ಲಿರಲಿ, ಕೈ ಪೂರ್ತಿ ನೆಟ್ಟಗಾಗುವ ಸ್ವಲ್ಪ ಮೊದಲೇ ನಿಲ್ಲಿಸಿ. ಜೋರು, ವೇಗ ಇವೆಲ್ಲ ವಾರ್ಮ್ ಅಪ್ ಆದ ಮೇಲಿನ ಮಾತು.

ಗೋಡೆ ಗುದ್ದುವ ಸಲಹೆ ಕೊಟ್ಟವರಿಗೆ ನನ್ನ ನಮಸ್ಕಾರ ಹೇಳಿ, ಆದರೆ ಮಾತು ಕೇಳಬೇಡಿ. ಹಳಬರು ಮುಷ್ಟಿ ಗಟ್ಟಿ ಮಾಡಿಕೊಳ್ಳಲು ಬಳಸುತ್ತಿದ್ದ ಮಕಿವಾರಾ ಗೋಡೆಯಲ್ಲ. ಅದು ನೆಲದಲ್ಲಿ ಹೂತ, ಗುದ್ದಿದರೆ ಹಿಂದಕ್ಕೆ ಬಾಗುವ ಹಲಗೆ, ಹೊಡೆಯುವ ಕಡೆ ಹುಲ್ಲಿನ ಹಗ್ಗ ಸುತ್ತಿರುತ್ತಿದ್ದರು. ಗೋಡೆ ಬಾಗುವುದಿಲ್ಲ. ಮೂಳೆ ಪೆಟ್ಟಿಗೆ ಸ್ವಲ್ಪ ಸ್ವಲ್ಪವಾಗಿ ಗಟ್ಟಿಯಾಗುತ್ತದೆ ಅನ್ನುವುದು ನಿಜ, ಆದರೆ ಬೆರಳಿನ ಗೆಣ್ಣಿನೊಳಗಿನ ಮೃದ್ವಸ್ಥಿ ಹಾಗಲ್ಲ, ಒಮ್ಮೆ ಸವೆದರೆ ಹಿಂದಿನ ಹಾಗೆ ಆಗುವುದಿಲ್ಲ. ಹೀಗೆ ಗುದ್ದಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬರುವವರಲ್ಲಿ ಜಾಸ್ತಿ ಜನರಿಗೆ ಮುರಿದಿರುವುದು ಕಿರುಬೆರಳಿನ ಬುಡದ ಮೂಳೆ. ಅದಕ್ಕೆ ಬಾಕ್ಸರ್ಸ್ ಫ್ರಾಕ್ಚರ್ ಅಂತಲೇ ಹೆಸರು, ಆದರೆ ಬರುವವರು ಹೆಚ್ಚಿನವರು ಬಾಕ್ಸರ್‌ಗಳಲ್ಲ, ಗೋಡೆಗೋ ಬಾಗಿಲಿಗೋ ಗುದ್ದಿದವರು. ಕೀಬೋರ್ಡಿನ ಮೇಲೆ ದುಡಿಯುವ ಕೈಯನ್ನು ಹೀಗೆ ಕಳೆದುಕೊಳ್ಳಬೇಡಿ.

ಇನ್ನು 'ಒಂದು ಗಂಟೆ ಸಿಕ್ಕರೆ ಮಾಡು, ಇಲ್ಲಾಂದ್ರೆ ಬಿಡು' ಅನ್ನುವ ಮಾತು. ಇದು ಅರ್ಧ ಸುಳ್ಳು.

1978ರಲ್ಲಿ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಅನ್ನುವ ಇಬ್ಬರು ಸಂಶೋಧಕರು ಬ್ರಿಟನ್ನಿನ ಅಂಚೆ ನೌಕರರಿಗೆ ಟೈಪಿಂಗ್ ಕಲಿಸಿದ ಪ್ರಯೋಗವನ್ನು ಪ್ರಕಟಿಸಿದರು. ನಾಲ್ಕು ಗುಂಪು. ಒಂದು ಗುಂಪಿಗೆ ದಿನಕ್ಕೆ ಒಂದೇ ಸಲ, ಒಂದೇ ಗಂಟೆ. ಇನ್ನೊಂದಕ್ಕೆ ದಿನಕ್ಕೆ ಎರಡು ಸಲ, ಎರಡೆರಡು ಗಂಟೆ. ಉಳಿದೆರಡು ನಡುವಿನವು. ದಿನಕ್ಕೆ ಒಂದು ಗಂಟೆಯವರು ಎಲ್ಲರಿಗಿಂತ ಕಡಿಮೆ ಗಂಟೆಗಳಲ್ಲಿ ಕಲಿತರು, ನಾಲ್ಕು ಗಂಟೆಯವರಿಗೆ ಎಲ್ಲರಿಗಿಂತ ಜಾಸ್ತಿ ಗಂಟೆ ಬೇಕಾಯಿತು. ಆದರೆ ನನಗೆ ಇಷ್ಟವಾದದ್ದು ಬೇರೆ ಭಾಗ: ಚೆನ್ನಾಗಿ ಕಲಿತ ಆ ಒಂದು ಗಂಟೆಯವರಿಗೇ ತಮ್ಮ ತರಬೇತಿ ಬಗ್ಗೆ ಎಲ್ಲರಿಗಿಂತ ಕಡಿಮೆ ಸಮಾಧಾನ. ದಿನಗಳ ಲೆಕ್ಕದಲ್ಲಿ ತಾವು ಹಿಂದೆ ಬಿದ್ದಿದ್ದೇವೆ ಅಂತ ಅವರಿಗೆ ಕಾಣುತ್ತಿತ್ತು. ವಾರಕ್ಕೆ ನಾಲ್ಕು ಕ್ಲಾಸಿಗೆ ಬರುವವರ ಪಕ್ಕ ನಿಂತಾಗ ನಿಮಗೆ ಆಗುವುದೂ ಇದೇ ಅಲ್ವಾ? ಟೈಪಿಂಗ್ ಕರಾಟೆಯಲ್ಲ, ಒಂದು ಗಂಟೆ ಐದು ನಿಮಿಷವೂ ಅಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಬಿಟ್ಟು ಬಿಟ್ಟು ಮಾಡಿದ ಅಭ್ಯಾಸ ದಂಡ ಅನ್ನುವ ಮಾತಿಗೆ ಇದರ ಮುಂದೆ ಆಧಾರವಿಲ್ಲ.

ಇನ್ನೊಂದು ಪ್ರಯೋಗ ನಿಮ್ಮ ವಿಷಯಕ್ಕೆ ಇನ್ನೂ ಹತ್ತಿರ. 1979ರಲ್ಲಿ ಶೇ ಮತ್ತು ಮಾರ್ಗನ್, ಮರದ ಸಣ್ಣ ತಡೆಗಳನ್ನು ಕೈಯಿಂದ ಬೇಗ ಬೇಗ ಬೀಳಿಸುವ ಮೂರು ಬಗೆಯ ಚಲನೆಗಳನ್ನು ಕಲಿಸಿದರು. ಕೆಲವರು ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋದರು, ಕೆಲವರು ಮೂರನ್ನೂ ಕಲಸಿ ಮಾಡಿದರು. ಅಭ್ಯಾಸದ ಹೊತ್ತಿನಲ್ಲಿ ಕಲಸಿ ಮಾಡಿದವರು ತಡವರಿಸಿದರು. ಹತ್ತು ದಿನ ಬಿಟ್ಟು ಪರೀಕ್ಷಿಸಿದಾಗ ಅವರೇ ಮೇಲು. ಪುರುಸೊತ್ತಿನ ಅಭ್ಯಾಸ ತಾನಾಗಿಯೇ ಹೀಗೆ ಕಲಸಿಕೊಂಡಿರುತ್ತದೆ. ಬೆಳಿಗ್ಗೆ ಒಂದು ಬ್ಲಾಕ್, ಮಧ್ಯಾಹ್ನ ಒಂದು ಸ್ಟಾನ್ಸ್, ಸಂಜೆ ಮತ್ತೆ ಅದೇ ಬ್ಲಾಕ್. ಪ್ರತಿ ಸಲವೂ ಮೊದಲಿನಿಂದ ನೆನಪಿಸಿಕೊಂಡೇ ಮಾಡಬೇಕು. ಕ್ಲಾಸಿನಲ್ಲಿ ಐವತ್ತನೆಯ ಬ್ಲಾಕ್ ಚೆನ್ನಾಗಿ ಬಂದೇ ಬರುತ್ತದೆ, ಆಗಲೇ ನಲವತ್ತೊಂಬತ್ತು ಆಗಿರುತ್ತದೆ. ನಿಮಗೆ ನಿಜವಾಗಿ ಏನು ಬರುತ್ತದೆ ಅನ್ನುವುದು ಗೊತ್ತಾಗುವುದು ಆ ದಿನದ ಮೊದಲನೆಯದರಲ್ಲಿ, ಅಂಥ ಮೊದಲುಗಳು ಪುರುಸೊತ್ತಿನ ಅಭ್ಯಾಸದಲ್ಲಿ ದಿನಕ್ಕೆ ಆರೇಳು ಸಿಗುತ್ತವೆ. ಅದಕ್ಕೇ ಇಪ್ಪತ್ತು ಬೇಡ ಅನ್ನುವುದು. ಮೂರು ಸಾಕು, ಮನಸ್ಸಿಟ್ಟು.

ನಿಮ್ಮ ಗೆಳೆಯರ ಮಾತಿನ ನಿಜವಾದ ಅರ್ಧ ಯಾವುದೆಂದರೆ, ತಪ್ಪೂ ರೂಢಿಯಾಗುತ್ತದೆ. ದೇಹಕ್ಕೆ ಸರಿ ತಪ್ಪು ಗೊತ್ತಿಲ್ಲ, ಯಾವುದನ್ನು ಜಾಸ್ತಿ ಮಾಡಿದಿರೋ ಅದನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ನನ್ನ ಹತ್ತಿರ ಕಲಿಯುವವರಿಗೆ ನಾನು ಹಾಕುವ ಒಂದೇ ನಿಯಮ: ಹೊಸದನ್ನು ಕ್ಲಾಸಿನಲ್ಲಿ ಮಾತ್ರ ಕಲಿಯಿರಿ. ಮಾಸ್ಟರ್ ನೋಡಿ 'ಸರಿ ಇದೆ' ಅಂದದ್ದನ್ನು ಮಾತ್ರ ಪುರುಸೊತ್ತಿನಲ್ಲಿ ಮಾಡಿ. ವಿಡಿಯೋ ನೋಡಿ ಹೊಸ ಕಿಕ್ ಕಲಿಯುವುದು, ಮುಂದಿನ ಬೆಲ್ಟಿನ ಕಟಾವನ್ನು (ಕ್ರಮವಾಗಿ ಜೋಡಿಸಿದ ಚಲನೆಗಳ ಸರಣಿ) ಅಡುಗೆಮನೆಯಲ್ಲಿ ಶುರು ಮಾಡುವುದು, ಇವೆರಡರಿಂದ ಆದ ತಪ್ಪು ಬಿಡಿಸಲು ಎಷ್ಟು ಹೊತ್ತು ಬೇಕು ಅಂತ ಯಾವ ಮಾಸ್ಟರನ್ನು ಕೇಳಿದರೂ ಹೇಳುತ್ತಾರೆ. ಕನ್ನಡಿಯನ್ನೂ ನಾನು ಅಷ್ಟಾಗಿ ನಂಬುವುದಿಲ್ಲ. ನೋಡಿಕೊಳ್ಳಲು ತಲೆ ತಿರುಗಿಸಿದ ಕೂಡಲೇ ಭುಜ ಬದಲಾಗುತ್ತದೆ. ಫೋನನ್ನು ಪಕ್ಕದಲ್ಲಿಟ್ಟು ಅರ್ಧ ನಿಮಿಷ ಚಿತ್ರೀಕರಿಸಿ ಆಮೇಲೆ ನೋಡಿ.

ಹಾಗಾದರೆ ಯಾವುದನ್ನು ಎಲ್ಲಿ ಇಡುವುದು?

ಹಲ್ಲುಜ್ಜುವ ಹೊತ್ತು ಒಂಟಿ ಕಾಲಿನದು. ಒಣ ನೆಲ, ಪಕ್ಕದಲ್ಲಿ ಗೋಡೆ. ಮಂಡಿ ಸೊಂಟದ ಮಟ್ಟಕ್ಕೆ ಎತ್ತಿ ಕಿಕ್‌ಗೆ ಸಿದ್ಧವಾದ ಹಾಗೆ ಹಿಡಿಯಿರಿ, ಅರ್ಧ ನಿಮಿಷಕ್ಕೆ ಕಾಲು ಬದಲಿಸಿ. ನಿಂತ ಮಂಡಿ ಸ್ವಲ್ಪ ಮಡಚಿರಲಿ, ಒಳಕ್ಕೆ ಬೀಳದಿರಲಿ, ಕಾಲ್ಬೆರಳು ನೋಡುವ ಕಡೆಗೇ ಮಂಡಿಯೂ ನೋಡಬೇಕು. ನಿಮ್ಮ ಎಡಗಾಲಿಗೆ ಎರಡು ವಾರ ಕಳೆದ ಮೇಲೆ ಇದು. ಕಿಕ್ ಕೆಡುವುದು ಹೆಚ್ಚಾಗಿ ಕಾಲು ಎತ್ತುವ ಹಂತದಲ್ಲೇ, ಚಾಚುವ ಹಂತದಲ್ಲಲ್ಲ. ಇದೊಂದನ್ನು ಎರಡು ತಿಂಗಳು ಮಾಡಿದವರ ಮವಾಶಿ ನೋಡಿದರೆ ನನಗೆ ಗೊತ್ತಾಗುತ್ತದೆ.

ಫೋನಿನ ಹೊತ್ತಿಗೆ ಸ್ಟಾನ್ಸ್ ಸರಿಯಾಗಿದೆ, ಆದರೆ ಆಳ ಬೇಡ. ಝೆಂಕುತ್ಸು ದಾಚಿಯಲ್ಲಿ (ಮುಂದಿನ ಮಂಡಿ ಮಡಚಿ, ಹಿಂದಿನ ಕಾಲು ಚಾಚಿ ನಿಲ್ಲುವ ಭಂಗಿ) ನಿಂತು ತೂಕವನ್ನು ಮುಂದಕ್ಕೆ, ಹಿಂದಕ್ಕೆ ನಿಧಾನವಾಗಿ ಸಾಗಿಸಿ. ಅಂಗಾಲಿನ ಯಾವ ಭಾಗ ಒತ್ತುತ್ತಿದೆ ಅಂತ ಗಮನಿಸಿ. ಮಾತು ಗಂಭೀರವಾದರೆ ಬಿಟ್ಟುಬಿಡಿ, ಎರಡನ್ನೂ ಕೆಡಿಸಿಕೊಳ್ಳಬೇಡಿ.

ನೀರು ಕಾಯುವಾಗ ಒಲೆಯ ಪಕ್ಕ ಯಾವ ಪಂಚೂ ಬೇಡ, ದಯವಿಟ್ಟು. ಎರಡು ಹೆಜ್ಜೆ ಆಚೆ ನಿಂತು ಸೊಂಟ ತಿರುಗಿಸುವುದನ್ನು ಮಾತ್ರ ಮಾಡಿ. ಕೈ ಸೊಂಟದ ಮೇಲಿರಲಿ. ಪಂಚಿನ ಬಲ ಅಲ್ಲಿಂದ ಶುರುವಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಕೈ ಬಿಟ್ಟು ಸೊಂಟವನ್ನೇ ಕಲಿಯುವವರು ಕಡಿಮೆ. ಆಫೀಸಿನ ಮೆಟ್ಟಿಲಲ್ಲಿ ಬ್ಲಾಕ್ ಬೇಡ, ತಿರುವಿನಿಂದ ಯಾರಾದರೂ ದಿಢೀರನೆ ಬಂದರೆ ಪೆಟ್ಟು ಅವರಿಗೆ. ಅಲ್ಲಿ ಮೆಟ್ಟಿಲಿನ ಅಂಚಿನ ಮೇಲೆ ಮುಂಗಾಲಿಟ್ಟು, ಕಂಬಿ ಹಿಡಿದು, ಹಿಮ್ಮಡಿಯನ್ನು ನಿಧಾನವಾಗಿ ಇಳಿಸಿ ಏರಿಸಿ. ನಲವತ್ತು ದಾಟಿದವರು ಜಿಗಿದು ಹೆಜ್ಜೆ ಹಾಕುವಾಗ ಮೊದಲು ಮುನಿಸಿಕೊಳ್ಳುವುದು ಮೀನಖಂಡ ಮತ್ತು ಹಿಮ್ಮಡಿಯ ಮೇಲಿನ ದಪ್ಪ ರಜ್ಜು. ಅದಕ್ಕೆ ಇದು ಒಳ್ಳೆಯದು.

ಜಾಗ ಇಲ್ಲ ಅನ್ನುವುದು ಅಷ್ಟು ದೊಡ್ಡ ಅಡ್ಡಿಯಲ್ಲ. ವಿಂಗ್ ಚುನ್ ಅನ್ನುವ ಚೀನೀ ಸಮರಕಲೆ ಕಲಿಯುವವರ ಮೊದಲ ಫಾರ್ಮ್ ಸಿಯು ನಿಮ್ ಟಾವೊದಲ್ಲಿ ಒಮ್ಮೆ ನಿಂತ ಮೇಲೆ ಪಾದ ಕದಲುವುದೇ ಇಲ್ಲ. ಶೋಟೋಕಾನ್ ಅನ್ನುವ ಕರಾಟೆ ಶೈಲಿಯ ಟೆಕ್ಕಿ ಕಟಾ ಪೂರ್ತಿ ಅಡ್ಡಕ್ಕೆ ಒಂದೇ ಗೆರೆಯಲ್ಲಿ ಹೋಗಿ ಬರುತ್ತದೆ. ನಿಮ್ಮ ಬೆಲ್ಟಿನವರು ಕಲಿಯುವ ಹೇಯಾನ್ ಕಟಾಗಳಿಗೆ ಜಾಗ ಬೇಕು ನಿಜ, ಆದರೆ ನಿಂತಲ್ಲೇ ಬರೀ ಕೈ ಮಾಡಿ, ಹೆಜ್ಜೆಯ ಬದಲು ತೂಕವನ್ನಷ್ಟೇ ಬದಲಿಸಿದರೆ ಕ್ರಮ ಮರೆಯುವುದಿಲ್ಲ. ಜೂಡೋದವರು ಮಾತ್ರ ಬೀಳುವ ಅಭ್ಯಾಸವನ್ನು ಮನೆಯ ಗಟ್ಟಿ ನೆಲದಲ್ಲಿ ಮಾಡಲೇಬಾರದು.

ಸಾಲಿನಲ್ಲಿ ನಿಂತಾಗ, ಬಸ್ಸಿನಲ್ಲಿ ಕೂತಾಗ ಮನಸ್ಸಿನಲ್ಲೇ ಕಟಾ ಮಾಡಿ. ಇದು ಬರೀ ಸಮಾಧಾನದ ಮಾತಲ್ಲ. ಮನಸ್ಸಿನಲ್ಲಿ ಮಾಡುವ ಅಭ್ಯಾಸದಿಂದ ಚಲನೆ ಸುಧಾರಿಸುತ್ತದೆ, ಮೈಯಲ್ಲಿ ಮಾಡಿದಷ್ಟಲ್ಲ, ಏನೂ ಮಾಡದೆ ಇರುವುದಕ್ಕಿಂತ ಖಂಡಿತ ಜಾಸ್ತಿ. ಆದರೆ ವಿಡಿಯೋ ನೋಡಿದ ಹಾಗೆ ಹೊರಗಿನಿಂದ ನೋಡಬೇಡಿ. ನಿಮ್ಮ ಕಣ್ಣಿನಿಂದಲೇ ನೋಡಿ, ಕಾಲಿನ ಕೆಳಗೆ ನೆಲ ಇದೆ ಅಂತ ಅನಿಸಬೇಕು, ಕಟಾಗೆ ನಿಜವಾಗಿ ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ತೆಗೆದುಕೊಳ್ಳಬೇಕು. ಎಲ್ಲಿ ಮಂಜಾಗುತ್ತದೋ ಅಲ್ಲೇ ನಿಮಗೆ ಕಟಾ ಸರಿಯಾಗಿ ಬರುವುದಿಲ್ಲ. ಗಾಡಿ ಓಡಿಸುವಾಗ ಇದನ್ನು ಮಾಡಬೇಡಿ.

ಇಷ್ಟೆಲ್ಲ ಓದಿ ಎಲ್ಲವನ್ನೂ ನಾಳೆಯಿಂದಲೇ ಶುರು ಮಾಡಿದರೆ ಒಂದೂ ಉಳಿಯುವುದಿಲ್ಲ. ವಾರಕ್ಕೆ ಒಂದು ವಿಷಯ. ಕ್ಲಾಸ್ ಮುಗಿದ ಮೇಲೆ ಶೂ ಹಾಕಿಕೊಳ್ಳುವ ಮುಂಚೆ ಮಾಸ್ಟರ್ ಹತ್ತಿರ 'ಈ ವಾರ ನಾನು ಯಾವುದನ್ನು ನೋಡಿಕೊಳ್ಳಲಿ?' ಅಂತ ಕೇಳಿ. ಅವರು ಹೇಳಿದ ಒಂದೇ ಒಂದನ್ನು, ದಿನಾ ಹೇಗೂ ಮಾಡುವ ಎರಡು ಕೆಲಸಗಳಿಗೆ ಅಂಟಿಸಿ. ಟೈಮ್ ಸಿಕ್ಕಾಗ ಮಾಡುತ್ತೇನೆ ಅಂದರೆ ಟೈಮ್ ಸಿಗುವುದಿಲ್ಲ, ಹಲ್ಲನ್ನಂತೂ ಉಜ್ಜುತ್ತೇವೆ.

ಸ್ಟ್ರೆಚ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಯಾಕೆಂದರೆ ಪುರುಸೊತ್ತು ಸಿಕ್ಕಿದಾಗ ಎಲ್ಲರೂ ಮೊದಲು ಮಾಡುವುದು ಅದನ್ನೇ, ಕಾಲನ್ನು ಮೇಜಿನ ಮೇಲೆ ಹಾಕಿ ಬಗ್ಗುವುದು. ಬಿಗಿ ಮೈಯಲ್ಲಿ ನೋವಾಗುವಷ್ಟು ಎಳೆಯಬೇಡಿ. ನಡೆದು ಬಂದ ಮೇಲೆ ಅಥವಾ ಬಿಸಿನೀರಿನ ಸ್ನಾನದ ನಂತರ ಅರ್ಧ ಅರ್ಧ ನಿಮಿಷ ಸಾಕು, ಮೈ ಸಡಿಲವಾಗಲು ವಾರದ ಒಟ್ಟು ಹೊತ್ತು ಮುಖ್ಯ. ಜೋರು ಕಿಕ್‌ಗೆ ಮೊದಲು ಒಂದೇ ಸ್ನಾಯುವನ್ನು ಒಂದು ನಿಮಿಷಕ್ಕಿಂತ ಜಾಸ್ತಿ ಎಳೆದು ಹಿಡಿದರೆ ಆ ಹೊತ್ತಿಗೆ ಬಲ ಸ್ವಲ್ಪ ಕಡಿಮೆಯಾಗುತ್ತದೆ. ಅಲ್ಲಿ ಕಾಲನ್ನು ಮೆಲ್ಲಗೆ ಬೀಸುವುದೇ ಸರಿ.

ಈಗ ಪುರುಸೊತ್ತಿನಲ್ಲಿ ಯಾವತ್ತೂ ಸಿಗದ ವಿಷಯಗಳು. ಎದುರಾಳಿಯ ದೂರ ಅಳೆಯುವುದು, ಸರಿಯಾದ ಕ್ಷಣಕ್ಕೆ ಒಳನುಗ್ಗುವುದು, ಹೊಡೆತ ಬರುವಾಗ ಕಣ್ಣು ಮುಚ್ಚದಿರುವುದು, ಉಸಿರು ಕಟ್ಟಿದಾಗಲೂ ಕೈ ಕೆಳಗಿಳಿಯದಿರುವುದು. ಇದಕ್ಕೆ ಇನ್ನೊಬ್ಬ ಮನುಷ್ಯ ಬೇಕು. ಗಾಳಿಗೆ ಸಾವಿರ ಪಂಚ್ ಹೊಡೆದವರು ಸ್ಪಾರಿಂಗಿನಲ್ಲಿ (ಇನ್ನೊಬ್ಬರ ಜೊತೆ ಅಭ್ಯಾಸದ ಕಾದಾಟ) ಮೊದಲ ನಿಮಿಷಕ್ಕೇ ತಬ್ಬಿಬ್ಬಾಗುವುದನ್ನು ನಾನು ನೋಡುತ್ತಲೇ ಇರುತ್ತೇನೆ. ಮನೆಯ ಅಭ್ಯಾಸದಿಂದ ಆತ್ಮರಕ್ಷಣೆ ಬಂದುಬಿಟ್ಟಿದೆ ಅಂತ ಅಂದುಕೊಳ್ಳುವುದು ಮಂಡಿ ನೋವಿಗಿಂತ ದೊಡ್ಡ ಅಪಾಯ.

ಶೋಟೋಕಾನ್ ಶೈಲಿಯ ಮೂಲ ಗುರು ಗಿಚಿನ್ ಫುನಾಕೋಶಿ ಕರಾಟೆಯವರಿಗೆ ಹಾಕಿಕೊಟ್ಟ ಇಪ್ಪತ್ತು ಸೂತ್ರಗಳಲ್ಲಿ, ಕರಾಟೆ ಡೋಜೋದಲ್ಲಿ (ಕಲಿಯುವ ಶಾಲೆಯಲ್ಲಿ) ಮಾತ್ರ ಅಂತ ತಿಳಿಯಬೇಡಿ ಅನ್ನುವುದೂ ಇದೆ, ಕರಾಟೆ ಬಿಸಿನೀರಿನ ಹಾಗೆ, ಕಾವು ಕೊಡುತ್ತಲೇ ಇರದಿದ್ದರೆ ತಣ್ಣೀರಾಗುತ್ತದೆ ಅನ್ನುವುದೂ ಇದೆ. ಎರಡನೆಯದನ್ನು ನಾನು ಅರ್ಧ ಒಪ್ಪುತ್ತೇನೆ. ಎಲ್ಲವೂ ಒಂದೇ ವೇಗದಲ್ಲಿ ಆರುವುದಿಲ್ಲ. ಚಲನೆಯ ನೆನಪು ವರ್ಷಗಟ್ಟಲೆ ಉಳಿಯುತ್ತದೆ, ಕಾಲೇಜಿನಲ್ಲಿ ಕಲಿತದ್ದು ನಿಮಗೆ ಮತ್ತೆ ಬೇಗ ಬಂತಲ್ಲ, ಅದು ಇದೇ. ಬೇಗ ಹೋಗುವುದು ದಮ್ಮು. ಎರಡರಿಂದ ನಾಲ್ಕು ವಾರ ಬಿಟ್ಟರೆ ಸಾಕು, ಇಳಿಯುವುದು ಗೊತ್ತಾಗುತ್ತದೆ. ಮಂಡಿ ಎತ್ತಿ ನಿಂತರೆ, ಸೊಂಟ ತಿರುಗಿಸಿದರೆ ದಮ್ಮು ಬರುವುದಿಲ್ಲ.

ಆರೋಗ್ಯದ ಲೆಕ್ಕಕ್ಕೆ ಚೂರುಪಾರು ಚಟುವಟಿಕೆಯೂ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಕನಿಷ್ಠ 10 ನಿಮಿಷ ಎಡೆಬಿಡದೆ ಮಾಡಿದ್ದೇ ಲೆಕ್ಕ ಅನ್ನುತ್ತಿತ್ತು, 2020ರಲ್ಲಿ ಆ ಷರತ್ತು ತೆಗೆದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಎಷ್ಟು ಚಿಕ್ಕ ಚಿಕ್ಕ ತುಂಡಾದರೂ ಸರಿ ಅಂದಿತು. ಆದರೆ ಸ್ಪಾರಿಂಗ್ ನಿಮ್ಮ ಹೃದಯವನ್ನು ಕೇಳುವುದು ಇದಕ್ಕಿಂತ ಜಾಸ್ತಿ.

ಹಾಗಾಗಿ ನಿಮ್ಮ ಮುಂದೆ ಮೂರು ದಾರಿ ಇದೆ. ಈಗಿನ ಹಾಗೇ ಒಂದು ಕ್ಲಾಸ್ ಮತ್ತು ಪುರುಸೊತ್ತಿನ ಅಭ್ಯಾಸ, ನಾನು ಹೇಳಿದ ತಿದ್ದುಪಡಿಗಳ ಜೊತೆ. ಕಟಾ, ಸ್ಟಾನ್ಸ್ ಸುಧಾರಿಸುತ್ತವೆ, ಸ್ಪಾರಿಂಗ್ ಇದ್ದಲ್ಲೇ ಇರುತ್ತದೆ. ಎರಡನೆಯದು, ಇದರ ಜೊತೆಗೆ ವಾರದ ನಡುವೆ ಒಂದು ದಿನ 25 ನಿಮಿಷ ಯಾರಿಗೂ ಬಿಟ್ಟುಕೊಡದೆ ಇಟ್ಟುಕೊಳ್ಳುವುದು. ಐದು ನಿಮಿಷ ವಾರ್ಮ್ ಅಪ್, ಆಮೇಲೆ ಎರಡು ನಿಮಿಷ ಜೋರು, ಒಂದು ನಿಮಿಷ ವಿಶ್ರಾಂತಿ, ಆರು ಸುತ್ತು, ಕೊನೆಗೆ ಎರಡು ನಿಮಿಷ ಸುಮ್ಮನೆ ನಡೆಯುವುದು. ನನ್ನ ಆಯ್ಕೆ ಇದು, ಆದರೆ ಮಂಡಿ ಗುಣವಾಗುವವರೆಗೆ ಸುತ್ತುಗಳಲ್ಲಿ ಕೈ ಮಾತ್ರ. ಮೂರನೆಯದು, ನಿದ್ದೆ ಸರಿಯಾಗಿ ಆಗದ ತಿಂಗಳುಗಳಲ್ಲಿ ಮನೆಯ ಅಭ್ಯಾಸ ಬಿಟ್ಟು ಕ್ಲಾಸ್ ಒಂದನ್ನೇ ಉಳಿಸಿಕೊಳ್ಳುವುದು. ಇದನ್ನು ಸೋಲು ಅಂದುಕೊಳ್ಳಬೇಡಿ. ಕಲಿತ ಚಲನೆ ಗಟ್ಟಿಯಾಗುವ ಕೆಲಸದಲ್ಲಿ ಒಂದು ಪಾಲು ನಿದ್ದೆಯಲ್ಲಿ ನಡೆಯುತ್ತದೆ, ಮಕ್ಕಳು ರಾತ್ರಿ ಮಲಗಲು ಬಿಡದ ವಾರ ಬೆಳಿಗ್ಗೆ ಐದಕ್ಕೆದ್ದು ಕಟಾ ಮಾಡಿದರೆ ಲಾಭಕ್ಕಿಂತ ಪೆಟ್ಟಾಗುವುದೇ ಹೆಚ್ಚು.

ಪರೀಕ್ಷೆಗೆ ನಾಲ್ಕು ತಿಂಗಳು ಅಂದಿರಿ. ಕಟಾ ಮತ್ತು ಬೇಸಿಕ್ಸ್ ಭಾಗಕ್ಕೆ ಈ ಅಭ್ಯಾಸ ಸಾಕು ಅಂತ ನನ್ನ ಅಂದಾಜು, ಸ್ಪಾರಿಂಗ್ ಭಾಗಕ್ಕೆ ಸಾಲದು. ಕೊನೆಯ ಆರು ವಾರ ಹೇಗಾದರೂ ಮಾಡಿ ವಾರಕ್ಕೆ ಇನ್ನೊಂದು ಕ್ಲಾಸ್ ಹೊಂದಿಸಿ, ಅದರಲ್ಲಿ ಸಾಧ್ಯವಾದಷ್ಟು ಸ್ಪಾರಿಂಗೇ ಮಾಡಿಸಿ ಅಂತ ಮಾಸ್ಟರ್‌ಗೆ ಈಗಲೇ ಹೇಳಿಡಿ, ಮಂಡಿ ವಿಷಯವನ್ನೂ ಮುಚ್ಚಿಡಬೇಡಿ. ಅಷ್ಟರಲ್ಲಿ ಆರು ವಾರದ ಕ್ಲಾಸ್ ಹೊಂದಲಿಲ್ಲ ಅಥವಾ ಮಂಡಿ ಇನ್ನೂ ನೋಯುತ್ತಿದೆ ಅಂತಾದರೆ ಮುಂದಿನ ಸಲದ ಪರೀಕ್ಷೆಗೆ ಕೂರಿ.